ಪ್ರಮಾಣಪತ್ರಕ್ಕೆ ಕಾಯದ ತರಗತಿ



ಈ ದತ್ತಿ ಉಪನ್ಯಾಸಕ್ಕೆ ಸಮಿತಿಯವರು ನನಗೆ ಒಪ್ಪಿಸಿದ ವಿಷಯ 'ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆ'. ಇದರೊಳಗೆ ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ, ಬೌದ್ಧಿಕ ಸವಾಲು, ಮಾತಿನ ತೊಂದರೆ ಎಲ್ಲವೂ ಬರುತ್ತವೆ. ಒಂದು ಗಂಟೆಯಲ್ಲಿ ಎಲ್ಲದರ ಮೇಲೂ ಕೈಯಾಡಿಸಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಓದು ಕಲಿಸುವುದನ್ನು ಹೇಳಿಕೊಡುತ್ತಲೇ ನಿವೃತ್ತನಾದವನು ನಾನು. ಹಾಗಾಗಿ ಓದಿನ ಬಳಿಯೇ ನಿಲ್ಲುತ್ತೇನೆ. ಕನ್ನಡದಲ್ಲಿ ಓದಲು ಕಷ್ಟಪಡುವ ಮಗುವಿಗೆ ನಮ್ಮ ಶಾಲೆ ಏನು ಮಾಡಬೇಕು, ಯಾವಾಗ ಮಾಡಬೇಕು ಎನ್ನುವುದು ನನ್ನ ಪ್ರಶ್ನೆ. ಆಟಿಸಂ ಇರುವ ಮಕ್ಕಳ ಮಾತು ನಡುವೆ ಬರುತ್ತದೆ, ಏಕೆಂದರೆ ಅಲ್ಲಿಯೂ ಕನ್ನಡದ ಪ್ರಶ್ನೆಯೊಂದು ಅಡ್ಡ ನಿಂತಿದೆ.

1896ರ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯ ಒಂದು ಸಣ್ಣ ಟಿಪ್ಪಣಿ ಬರೆದ. ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗ. ಚುರುಕು, ಆಟದಲ್ಲಿ ಮುಂದು, ಲೆಕ್ಕದಲ್ಲಿ ತೊಂದರೆಯಿಲ್ಲ, ಕಣ್ಣು ಸರಿಯಾಗಿದೆ. ಓದಲು ಮಾತ್ರ ಬರುವುದಿಲ್ಲ. ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ 1887ರಲ್ಲೇ ಕೊಟ್ಟಿದ್ದ. ಆದರೆ ಅವನು ಕಂಡದ್ದು ಓದುತ್ತಿದ್ದು ಓದು ಕಳೆದುಕೊಂಡ ದೊಡ್ಡವರನ್ನು. ಹುಟ್ಟಿನಿಂದಲೇ ಓದು ಒಲಿಯದ ಮಗುವಿನ ಮೊದಲ ವರದಿಗಳಲ್ಲಿ ಮಾರ್ಗನ್ನನದು ಮುಖ್ಯವಾದದ್ದು. ಆ ಟಿಪ್ಪಣಿಯಲ್ಲಿ ವೈದ್ಯನ ಮಾತಿಗಿಂತ ನನಗೆ ಮುಖ್ಯವಾಗಿ ಕಾಣುವುದು ಆ ಹುಡುಗನ ಮೇಷ್ಟ್ರು ಹೇಳಿದ ಮಾತು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಯಲ್ಲಿ ಇವನಷ್ಟು ಜಾಣ ಇನ್ನೊಬ್ಬ ಇರುತ್ತಿರಲಿಲ್ಲ ಎಂಬ ಅರ್ಥದ ಮಾತು ಅದು. ಆ ಮೇಷ್ಟ್ರಿಗೆ ಯಾವ ಪರೀಕ್ಷಾ ಉಪಕರಣವೂ ಇರಲಿಲ್ಲ. ಹುಡುಗನ ಜೊತೆ ಮಾತಾಡಿ ನೋಡಿದ್ದ, ಅಷ್ಟೆ.

ನಮ್ಮಲ್ಲಿ ಓದು ಬರಹವಿಲ್ಲದೆ ಮಲೆ ಮಾದಪ್ಪನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರು ಇದ್ದರು, ಇದ್ದಾರೆ. ಅವರಲ್ಲಿ ಯಾರಿಗೆ ಡಿಸ್ಲೆಕ್ಸಿಯಾ ಇತ್ತು ಎಂದು ಕೇಳುವುದಕ್ಕೆ ಅರ್ಥವೇ ಇಲ್ಲ, ಏಕೆಂದರೆ ಆ ವಿದ್ಯೆ ಯಾರ ಕೈಗೂ ಪುಸ್ತಕ ಕೊಟ್ಟು ಪರೀಕ್ಷಿಸಲಿಲ್ಲ. ಶಾಲೆ ಬಂದ ಮೇಲೆ ಓದು ಎಲ್ಲ ವಿದ್ಯೆಗೂ ಬಾಗಿಲಾಯಿತು. ಸಮಾಜ, ವಿಜ್ಞಾನ, ಕೊನೆಗೆ ಚಿತ್ರಕಲೆಯ ಅಂಕ ಕೂಡ ಬರೆದೇ ಗಳಿಸಬೇಕು. ಆ ಬಾಗಿಲು ಇಕ್ಕಟ್ಟಾದ ಮಗುವಿಗೆ ಉಳಿದ ಕೋಣೆಗಳೂ ಮುಚ್ಚಿಹೋಗುತ್ತವೆ.

ಈಗ ನಮ್ಮ ಲಿಪಿಗೆ ಬರೋಣ. ಕನ್ನಡವನ್ನು ಹೇಗೆ ಬರೆಯುತ್ತೇವೋ ಹಾಗೆಯೇ ಓದುತ್ತೇವೆ, ಆದ್ದರಿಂದ ಕನ್ನಡ ಕಲಿಯುವುದು ಸುಲಭ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ದೊಡ್ಡವರ ಮಟ್ಟಿಗೆ ಅದು ಬಹುಪಾಲು ಸರಿ. ಆರು ವರ್ಷದ ಮಗುವಿನ ಪಕ್ಕದಲ್ಲಿ ಕೂತು ನೋಡಿದರೆ ಬೇರೆಯೇ ಕಾಣುತ್ತದೆ. 'ಹಳ್ಳಿ' ಎನ್ನುವ ಪದವನ್ನು ತೆಗೆದುಕೊಳ್ಳಿ. ಗುಡಿಸು ಮೇಲಿನ ಳಕಾರಕ್ಕೆ ಅಂಟಿಕೊಂಡಿದೆ, ಒತ್ತು ಕೆಳಗೆ ಇದೆ. ಕಣ್ಣಿಗೆ ಬೀಳುವ ಸಾಲಿನಲ್ಲಿ 'ಇ' ಮೊದಲು, ಒತ್ತು ಆಮೇಲೆ. ಬಾಯಿಯಲ್ಲಾದರೋ ಎರಡೂ ಳಕಾರ ಮುಗಿದ ಮೇಲೆ 'ಇ'. ಮಗು 'ಹಳಿಳ' ಎಂದು ಓದಿದರೆ ಅದು ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆಯೇ ಓದಿದೆ. 'ಸೂರ್ಯ'ದಲ್ಲಿ ಇದು ಇನ್ನೊಂದು ದಿಕ್ಕಿಗೆ ತಿರುಗುತ್ತದೆ: ಉಚ್ಚಾರದಲ್ಲಿ ರಕಾರ ಮೊದಲು, ಬರಹದಲ್ಲಿ ಯಕಾರ ಮೊದಲು, ಅದರ ಬೆನ್ನಿಗೆ ಅರ್ಕಾವೊತ್ತು. 'ಕೋ'ದೊಳಗಿನ ಒಂದೇ ಸ್ವರಕ್ಕೆ ಎತ್ವ, ಕೊಂಬಿನ ಇಳಿ, ದೀರ್ಘ ಎಂಬ ಮೂರು ಗುರುತು. 'ಮ'ಕ್ಕೂ 'ವು'ಗೂ ಇರುವ ವ್ಯತ್ಯಾಸ ಕೊಂಬು ತುಸು ಕೆಳಗಿಳಿಯುವುದರಲ್ಲಿದೆ. ದ, ಧ, ಥ, ಢಗಳ ಹೊಟ್ಟೆಯ ಸೀಳು ಮತ್ತು ಚುಕ್ಕೆಗಳ ವಿಷಯ ಹೇಳುವುದೇ ಬೇಡ.

ಬಹುಪಾಲು ಮಕ್ಕಳು ಇದನ್ನೆಲ್ಲ ದಾಟುತ್ತಾರೆ. ಆದರೆ ನಿಧಾನವಾಗಿ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಓದುವ ಶಾಲಾ ಮಕ್ಕಳ ಮೇಲೆಯೇ ನಡೆದದ್ದು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಶಾಲೆಯ ಮೊದಲ ವರ್ಷದ ಆಸುಪಾಸಿನಲ್ಲೇ ಮಕ್ಕಳಿಗೆ ಬಂದುಬಿಡುತ್ತವೆ. ಕನ್ನಡದಲ್ಲಿ ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪ ಇರುವುದರಿಂದ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ಸಾಗುತ್ತದೆ ಎಂದು ಆಕೆ ತೋರಿಸಿದರು. ಪದವನ್ನು 'ಕ-ಮ-ಲ' ಎಂದು ಅಕ್ಷರಗಳಾಗಿ ಒಡೆಯುವುದು ಮಕ್ಕಳಿಗೆ ಬೇಗ ಬರುತ್ತದೆ. 'ಕ್, ಅ, ಮ್, ಅ' ಎಂದು ಬಿಡಿ ಧ್ವನಿಗಳಾಗಿ ಒಡೆಯುವುದು ತಡವಾಗಿ ಬರುತ್ತದೆ. ಹಾಗಿರುವಾಗ ಎರಡನೇ ತರಗತಿಯ ಕೊನೆಗೆ ಸರಾಗವಾಗಿ ಓದಬೇಕು ಎಂಬ ಗಡುವನ್ನು ಇಂಗ್ಲಿಷಿನ ಕಡೆಯಿಂದ ತಂದು ಕನ್ನಡದ ಮಗುವಿನ ಮೇಲೆ ಹೇರಿದರೆ ಏನಾಗುತ್ತದೆ? ತೊಂದರೆ ಇಲ್ಲದ ಮಗುವಿಗೂ ತೊಂದರೆಯ ಹಣೆಪಟ್ಟಿ ಬೀಳುತ್ತದೆ. ನಿಜವಾಗಿ ತೊಂದರೆ ಇರುವ ಮಗು ಆ ಗುಂಪಿನಲ್ಲಿ ಕರಗಿಹೋಗುತ್ತದೆ.

ಕರಗಿಹೋಗಲು ಇನ್ನೊಂದು ಕಾರಣವೂ ಇದೆ. 2001ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಟಲಿ, ಫ್ರಾನ್ಸ್, ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರುವವರನ್ನು ಹೋಲಿಸಿದ ಒಂದು ಅಧ್ಯಯನ ಬಂತು. ಓದುವಾಗ ಮಿದುಳಿನಲ್ಲಿ ಕಾಣುವ ವ್ಯತ್ಯಾಸ ಮೂವರಲ್ಲೂ ಒಂದೇ. ಆದರೆ ಬರೆದಂತೆ ಓದುವ ಇಟಾಲಿಯನ್ ಭಾಷೆಯವರು ಓದಿನಲ್ಲಿ ಉಳಿದಿಬ್ಬರಿಗಿಂತ ಕಡಿಮೆ ತಪ್ಪು ಮಾಡುತ್ತಿದ್ದರು. ಇಂಥ ಲಿಪಿಗಳಲ್ಲಿ ಡಿಸ್ಲೆಕ್ಸಿಯಾ ತಪ್ಪಿನ ರೂಪದಲ್ಲಿ ಬರುವುದಕ್ಕಿಂತ ನಿಧಾನದ ರೂಪದಲ್ಲಿ ಬರುತ್ತದೆ. ಕನ್ನಡದ ಮಗುವೂ ಹಾಗೆಯೇ. ಏಳನೇ ತರಗತಿಯ ಹುಡುಗಿ ಒಂದೊಂದು ಅಕ್ಷರವನ್ನೂ ಸರಿಯಾಗಿ ಕೂಡಿಸಿಕೊಂಡು, ಪುಟದ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಸಾಲಿನ ಅರ್ಥ ಮರೆತಿರುತ್ತಾಳೆ. ತಪ್ಪು ಎಣಿಸುವ ಮೇಷ್ಟ್ರಿಗೆ ಅವಳಲ್ಲಿ ಏನೂ ಸಿಗುವುದಿಲ್ಲ. 'ಓದ್ತಾಳೆ ಸಾರ್, ಸ್ವಲ್ಪ ಸೋಮಾರಿ' ಎಂಬ ಷರಾ ಬೀಳುತ್ತದೆ. ಅದರಲ್ಲೂ ಹೆಣ್ಣುಮಕ್ಕಳು ಗಲಾಟೆ ಮಾಡದೆ ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟರೆ ಹತ್ತನೇ ತರಗತಿಯವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ. ಚಿಕ್ಕ ತರಗತಿಯಲ್ಲಿ ಸಾಮೂಹಿಕ ಓದು ಇನ್ನೊಂದು ಪರದೆ. ಅರ್ಧ ಸೆಕೆಂಡು ಹಿಂದೆ ಇದ್ದು ಪಕ್ಕದವರ ಬಾಯಿ ನೋಡಿ ತುಟಿ ಆಡಿಸುವ ಮಗು ಪಾಠವನ್ನು ಕಂಠಪಾಠ ಮಾಡಿರುತ್ತದೆ. ಅಂಥ ಮಗುವನ್ನು ಗುರುತಿಸಲು ಒಂದೇ ಉಪಾಯ, ಪಾಠದ ನಡುವಿನ ಪದವೊಂದನ್ನು ಬೇರೆ ಕಾಗದದಲ್ಲಿ ಬರೆದು, ಯಾರೂ ಇಲ್ಲದಾಗ ತೋರಿಸುವುದು.

ಇಲ್ಲಿ ಒಂದು ಎಚ್ಚರಿಕೆ. ಓದಲಾರದ ಎಲ್ಲ ಮಕ್ಕಳಿಗೂ ಡಿಸ್ಲೆಕ್ಸಿಯಾ ಇಲ್ಲ. ಗ್ರಾಮೀಣ ಭಾರತದ ಐದನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ಶೇ. 42.8 ಮಾತ್ರ ಎಂದು ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿ ಹೇಳಿತ್ತು. ಉಳಿದವರಿಗೆಲ್ಲ ನರಸಂಬಂಧಿ ತೊಂದರೆ ಎಂದರೆ ಹುಚ್ಚುತನ. ಅವರಲ್ಲಿ ಬಹಳ ಮಂದಿಗೆ ಸರಿಯಾಗಿ ಕಲಿಸಿಲ್ಲ. ಹಳೆ ಮೈಸೂರು ಕಡೆಯ ಮಗು 'ಹಾಡು' ಎಂಬುದನ್ನು 'ಆಡು' ಎಂದು ಬರೆದರೆ ಅದು ಮನೆಯ ಮಾತು. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಗುವಿಗೆ ಪಾಠದ ಕನ್ನಡವೇ ಹೊಸ ಭಾಷೆ. ಪದವೇ ಗೊತ್ತಿಲ್ಲದಿದ್ದರೆ ಅದನ್ನು ಓದುವುದು ಹೇಗೆ? ಇವನ್ನು ರೋಗವೆಂದು ಬಗೆಯುವುದು ಒಂದು ಅನ್ಯಾಯ. ನಿಜವಾದ ಡಿಸ್ಲೆಕ್ಸಿಯಾವನ್ನು 'ಮನೆ ಪರಿಸರ ಸರಿಯಿಲ್ಲ' ಎಂದು ತಳ್ಳಿಹಾಕುವುದು ಇನ್ನೊಂದು. ಎರಡನೆಯದು ಬಡವರ ಮಕ್ಕಳಿಗೆ ಹೆಚ್ಚಾಗಿ ಆಗುತ್ತದೆ. ಬೆಂಗಳೂರಿನ ದೊಡ್ಡ ಖಾಸಗಿ ಶಾಲೆಯಲ್ಲಿ ಡಿಸ್ಲೆಕ್ಸಿಯಾ ಇರುವ ಮಗು, ಸರ್ಕಾರಿ ಶಾಲೆಯಲ್ಲಿ ದಡ್ಡ ಮಗು.

ಹಾಗಾದರೆ ಬಿಡಿಸುವುದು ಹೇಗೆ? ಕನ್ನಡದಲ್ಲೇ ಪರೀಕ್ಷಿಸಬೇಕು. ಅದಕ್ಕೆ ಬೇಕಾದ ಕೆಲಸ ನಮ್ಮಲ್ಲಿ ಆಗಿಲ್ಲವೆಂದಲ್ಲ. ಕನ್ನಡ ಓದನ್ನು ಅಳೆಯುವ ಚೌಕಟ್ಟೊಂದನ್ನು ಜಿ. ಪುರುಷೋತ್ತಮ ರೂಪಿಸಿದ್ದು, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಅದನ್ನು ಪುಸ್ತಕವಾಗಿ ತಂದದ್ದು 1994ರಲ್ಲಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ, ನಿಮ್ಹಾನ್ಸ್ ಇದೆ. ಆದರೆ ಬ್ಲಾಕ್ ಮಟ್ಟದಲ್ಲಿ, ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಕೋಣೆಯಲ್ಲಿ, ಒಬ್ಬ ಸಾಮಾನ್ಯ ಶಿಕ್ಷಕಿಯ ಕೈಯಲ್ಲಿ ಇರುವ ಕನ್ನಡ ಉಪಕರಣ ಯಾವುದು ಎಂದು ಕೇಳಿ ನೋಡಿ. ತರಗತಿಗೂ ಪ್ರಯೋಗಶಾಲೆಗೂ ನಡುವಿನ ದಾರಿ ಬಹಳ ಉದ್ದ.

ಇನ್ನು ಕಾನೂನು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು. ಡಿಸ್ಲೆಕ್ಸಿಯಾ, ಆಟಿಸಂ ಎರಡೂ ಅದರಲ್ಲಿ ಇರಲಿಲ್ಲ. ಆಟಿಸಂಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಜಾಗ ಸಿಕ್ಕಿತು. ನೆರೆಯ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಇರುವ ತನ್ನ ಮಕ್ಕಳಿಗೆ 1996ರಲ್ಲೇ ಪರೀಕ್ಷಾ ರಿಯಾಯಿತಿ ಕೊಡಲು ಶುರುಮಾಡಿತ್ತು. ಇಡೀ ದೇಶಕ್ಕೆ ಅನ್ವಯವಾಗುವ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ, ಡಿಸ್ಲೆಕ್ಸಿಯಾವನ್ನು ಒಳಗೊಳ್ಳುವ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದ್ದು 2016ರ ಕಾಯ್ದೆಯಲ್ಲಿ, ಒಟ್ಟು 21 ಬಗೆಗಳ ಪೈಕಿ ಒಂದಾಗಿ. ಆ ಕಾಯ್ದೆಯ 16ನೇ ಕಲಮು ಶಾಲೆಗಳಿಗೆ ಒಂದು ಕರ್ತವ್ಯ ವಿಧಿಸುತ್ತದೆ: ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದನ್ನು ದಾಟಿಸಲು ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು. ಆದಷ್ಟು ಬೇಗ ಎಂಬುದನ್ನು ದಯವಿಟ್ಟು ಗಮನಿಸಿ. ಆಮೇಲೆ 2018ರ ಜನವರಿಯಲ್ಲಿ ಪ್ರಮಾಣಪತ್ರದ ಮಾರ್ಗಸೂಚಿ ಬಂತು. ಅದರ ಪ್ರಕಾರ ಎಂಟು ವರ್ಷ ತುಂಬದ ಮಗುವಿಗೆ ಪ್ರಮಾಣಪತ್ರ ಇಲ್ಲ. ಕೊಟ್ಟ ಮೇಲೂ ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ ಪರೀಕ್ಷೆ.

ಎಂಟು ವರ್ಷದ ಮಿತಿಗೆ ಕಾರಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೂ ಮುಂಚೆ ನಿಧಾನ ಯಾವುದು, ನ್ಯೂನತೆ ಯಾವುದು ಎಂದು ಹೇಳುವುದು ಕಷ್ಟ. ಅದರಲ್ಲೂ ಅಕ್ಷರ ಕಲಿಕೆಯೇ ನಾಲ್ಕನೇ ತರಗತಿಯವರೆಗೆ ನಡೆಯುವ ಕನ್ನಡದಲ್ಲಿ ಇನ್ನೂ ಕಷ್ಟ. ತಪ್ಪು ನಡೆದದ್ದು ಬೇರೆ ಕಡೆ. ಪ್ರಮಾಣಪತ್ರ ಬೇಕಾಗುವುದು ಪರೀಕ್ಷೆಯ ರಿಯಾಯಿತಿಗೆ, ಮೀಸಲಾತಿಗೆ, ವಿದ್ಯಾರ್ಥಿವೇತನಕ್ಕೆ. 16ನೇ ಕಲಮಿನ ಬೋಧನಾ ಕ್ರಮಕ್ಕೆ ಯಾವ ಪ್ರಮಾಣಪತ್ರವನ್ನೂ ಕಾನೂನು ಕೇಳಿಲ್ಲ. ಆದರೂ ಶಾಲೆಗಳಲ್ಲಿ ಎರಡನ್ನೂ ಒಂದಕ್ಕೊಂದು ಗಂಟು ಹಾಕಿದ್ದೇವೆ. ಒಂದನೇ ತರಗತಿಯಲ್ಲಿ ಅನುಮಾನ ಬಂದ ಮಗುವನ್ನು 'ಸರ್ಟಿಫಿಕೇಟ್ ಬರಲಿ, ನೋಡೋಣ' ಎಂದು ಮೂರು ವರ್ಷ ಕೂರಿಸುತ್ತೇವೆ. ಜಿಲ್ಲಾಸ್ಪತ್ರೆಗೆ ಅಲೆದು ಪತ್ರ ತಂದ ತಾಯಿಗೆ ಹೈಸ್ಕೂಲಿನಲ್ಲಿ ಸಿಗುವುದು ಹೆಚ್ಚುವರಿ ಸಮಯ, ಬರೆದುಕೊಡುವವರು, ಒಂದು ಭಾಷೆಯಿಂದ ವಿನಾಯಿತಿ. ಇವು ಬೇಕು. ಆದರೆ ಓದು ಕಲಿಸುವ ಕೆಲಸ ಇವುಗಳಲ್ಲಿ ಯಾವುದರಲ್ಲೂ ಇಲ್ಲ. ಕಲಿಯಬಹುದಾಗಿದ್ದ ವರ್ಷಗಳೆಲ್ಲ ಕಾಗದ ಹಿಡಿದು ಕಾಯುವುದರಲ್ಲೇ ಹೋಗಿರುತ್ತವೆ.

ಪರೀಕ್ಷೆಯ ರಿಯಾಯಿತಿಗೆ ನ್ಯೂನತೆ ಶೇಕಡಾ ಇಷ್ಟು ಇರಬೇಕು ಎಂಬ ಲೆಕ್ಕದ ಬಿಗಿಯನ್ನು ಸರ್ವೋಚ್ಚ ನ್ಯಾಯಾಲಯ ಒಂದು ಕಡೆ ಸಡಿಲಿಸಿದೆ. 2021ರ ಫೆಬ್ರವರಿಯಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಬರೆದುಕೊಡುವವರನ್ನು ಪಡೆಯಲು ಶೇ. 40ರ ನ್ಯೂನತೆ ಇರಲೇಬೇಕೆಂದಿಲ್ಲ ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ನೀಟ್ ಬರೆದ, ಡಿಸ್‌ಗ್ರಾಫಿಯಾ (ಬರಹದ ತೊಂದರೆ) ಇದ್ದ ವಿದ್ಯಾರ್ಥಿನಿಯೊಬ್ಬಳಿಂದ ಹೆಚ್ಚುವರಿ ಗಂಟೆ ಕೊಡದೆ ಉತ್ತರ ಪತ್ರಿಕೆ ಕಿತ್ತುಕೊಂಡ ಪ್ರಕರಣವೂ ಅಲ್ಲಿಗೆ ಹೋಯಿತು. ಅನ್ಯಾಯವಾಗಿದೆ ಎಂದು ನ್ಯಾಯಾಲಯ ಒಪ್ಪಿತು, ಮರುಪರೀಕ್ಷೆ ಮಾತ್ರ ಸಾಧ್ಯವಿಲ್ಲ ಎಂದಿತು. ಕೊಠಡಿ ಮೇಲ್ವಿಚಾರಕರಾಗಿ ಹೋಗುವ ಶಿಕ್ಷಕರು ಈ ಎರಡನೆಯ ತೀರ್ಪನ್ನು ಒಮ್ಮೆ ಓದಬೇಕು. ಕಾನೂನು ಕೊಟ್ಟ ಹಕ್ಕು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ, ನಿಯಮ ತಿಳಿಯದ ಒಬ್ಬರ ಕೈಯಲ್ಲಿ ಹೇಗೆ ಸಾಯುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ.

ಭಾಷೆಯ ವಿನಾಯಿತಿಯ ಮಾತೆತ್ತಿದೆ. ಈ ಸಭೆಯಲ್ಲಿ ಕನ್ನಡದ ಹಿತೈಷಿಗಳು ಹೆಚ್ಚಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2016ರ ಕಾಯ್ದೆಯ 17ನೇ ಕಲಮು ಇಂಥ ಮಕ್ಕಳಿಗೆ ದ್ವಿತೀಯ, ತೃತೀಯ ಭಾಷೆಯಿಂದ ವಿನಾಯಿತಿಯ ದಾರಿ ತೆರೆದಿದೆ. ನಮ್ಮ ರಾಜ್ಯದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಹಂತ ಹಂತವಾಗಿ ಕಡ್ಡಾಯ ಮಾಡಿದೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಕಲಿಕಾ ನ್ಯೂನತೆ ಇದೆ ಎಂದು ಗೊತ್ತಾದ ಕೂಡಲೇ ಮೊದಲು ಕಳಚುವುದು ಕನ್ನಡವನ್ನೇ. ಮಗುವಿನ ಹೊರೆ ಇಳಿಯಬೇಕಾದರೆ ಇಳಿಯಲಿ, ಕನ್ನಡ ಉಳಿಸುವ ಭಾರವನ್ನು ಓದಲು ಒದ್ದಾಡುತ್ತಿರುವ ಮಗುವಿನ ಬೆನ್ನಿಗೆ ಕಟ್ಟುವುದು ನಾಚಿಕೆಗೇಡು. ನನ್ನ ತಕರಾರು ಒಂದೇ. ಬರಹದ ಪರೀಕ್ಷೆಯಿಂದ ಬಿಡುಗಡೆ ಕೊಡುವುದಕ್ಕೂ ಭಾಷೆಯ ತರಗತಿಯಿಂದಲೇ ಹೊರಗೆ ಕಳಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಕನ್ನಡದ ಪಿರಿಯಡ್ಡಿನಲ್ಲಿ ಲೈಬ್ರರಿಯಲ್ಲಿ ಒಂಟಿಯಾಗಿ ಕೂರುವ ಮಗು ಕಥೆ ಕೇಳಬಹುದಿತ್ತು, ನಾಟಕ ಆಡಬಹುದಿತ್ತು, ಒಗಟು ಬಿಡಿಸಬಹುದಿತ್ತು. ಅಂಕ ಇಲ್ಲದಿದ್ದರೆ ಕಲಿಕೆಯೂ ಇಲ್ಲ ಎನ್ನುವ ನಮ್ಮ ರೂಢಿ ಅಲ್ಲಿ ಬಯಲಾಗುತ್ತದೆ.

ಆಟಿಸಂ ಇರುವ ಮಕ್ಕಳ ಮನೆಗಳಲ್ಲಿ ಕನ್ನಡವನ್ನು ಕಳಚುವ ಈ ರೂಢಿ ಇನ್ನೂ ಆಳಕ್ಕೆ ಹೋಗುತ್ತದೆ. ಮಾತು ತಡವಾದ ಮಗುವನ್ನು ತೋರಿಸಲು ಹೋದ ತಂದೆ ತಾಯಿಗೆ 'ಮನೆಯಲ್ಲಿ ಒಂದೇ ಭಾಷೆ ಆಡಿ, ಇಂಗ್ಲಿಷ್ ಆಡಿ' ಎಂಬ ಸಲಹೆ ಇಂದಿಗೂ ಸಿಗುತ್ತದೆ. ಬೆಂಗಳೂರಿನಲ್ಲೂ ಸಿಗುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನಮ್ಮವರಿಗೂ ಸಿಗುತ್ತದೆ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಇನ್ನೂ ಹಿಂದೆ ಬೀಳುತ್ತದೆ ಎಂಬುದಕ್ಕೆ ಈವರೆಗಿನ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. ಹಲವು ಅಧ್ಯಯನಗಳು ಹಾನಿಯಿಲ್ಲ ಎಂದೇ ಹೇಳಿವೆ. ಆ ಸಲಹೆಯಿಂದ ಆಗುವ ನಷ್ಟ ಮಾತ್ರ ಕಣ್ಣಿಗೆ ಕಾಣುವಂಥದ್ದು. ಅಜ್ಜಿ ಮಗುವಿನೊಡನೆ ಮಾತಾಡುವುದನ್ನು ನಿಲ್ಲಿಸುತ್ತಾರೆ. ಅಮ್ಮ ತನಗೆ ಸರಾಗವಲ್ಲದ ಭಾಷೆಯಲ್ಲಿ, ಪುಸ್ತಕದಿಂದ ಕಲಿತ ನಾಲ್ಕು ವಾಕ್ಯಗಳಲ್ಲಿ, ಮಗುವನ್ನು ಮುದ್ದು ಮಾಡಬೇಕಾಗುತ್ತದೆ. ಮೊದಲೇ ಮಾತು ಕಡಿಮೆ ಇರುವ ಮಗುವಿನ ಸುತ್ತ ಮಾತೇ ಕಡಿಮೆಯಾಗುತ್ತದೆ. ಅಂಥ ಸಲಹೆ ಸಿಕ್ಕಿದ ಪೋಷಕರು ಇಲ್ಲಿದ್ದರೆ, ಇನ್ನೊಬ್ಬ ತಜ್ಞರನ್ನು ಕೇಳಿ ಎಂದಷ್ಟೇ ನನ್ನ ವಿನಂತಿ.

ಲೆಕ್ಕದ ವಿಷಯದಲ್ಲೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲಿಷಿನ 'ಥರ್ಟೀನ್'ನಲ್ಲಿ ಮೂರು ಮೊದಲು ಕೇಳಿಸುತ್ತದೆ, ಹತ್ತು ಆಮೇಲೆ; ಮಗು 31 ಎಂದು ಬರೆದರೆ ಅಚ್ಚರಿಯಿಲ್ಲ. 'ಹದಿಮೂರು' ಎನ್ನುವಾಗ ಹತ್ತು ಮೊದಲು, ಮೂರು ಆಮೇಲೆ, ಅಂಕಿ ಬರೆಯುವ ಕ್ರಮದಲ್ಲೇ. ಸಂಖ್ಯೆಯಲ್ಲಿ ಎಡವುವ ಮಗುವಿಗೆ ಈ ಊರುಗೋಲು ಮನೆಯಲ್ಲೇ ಇದೆ. ಕನ್ನಡ ಮನೆಗಳಲ್ಲೂ ಎಣಿಕೆಯನ್ನು ಮೊದಲು ಇಂಗ್ಲಿಷಿಗೆ ಬದಲಾಯಿಸಿದ್ದು ಯಾಕೋ ತಿಳಿಯದು.

ಪ್ರಮಾಣಪತ್ರಕ್ಕೆ ಕಾಯದೆ ತರಗತಿಯಲ್ಲಿ ಏನು ಮಾಡಬಹುದು ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಮೊದಲು ಹಳೆಯ ಕಾಗುಣಿತ. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು, ಕ ವಟ್ರಸುಳಿ ಕೃ ಎಂದು ನಮ್ಮ ಹಿಂದಿನವರು ಹೇಳಿಸುತ್ತಿದ್ದರಲ್ಲ, ಅದನ್ನು ಗಿಳಿಪಾಠ ಎಂದು ತಳ್ಳಿದವರಲ್ಲಿ ನನ್ನ ವೃತ್ತಿಬಾಂಧವರೂ ಇದ್ದಾರೆ. ಅದರ ಒಳಗೆ ಒಂದು ಸೂಕ್ಷ್ಮ ಇದೆ. ಪ್ರತಿ ಗುರುತಿಗೂ ಒಂದು ಹೆಸರು, ಆ ಹೆಸರಿನಲ್ಲೇ ಅದರ ಆಕಾರದ ಸೂಚನೆ, ಹೇಳುತ್ತಾ ಮರಳಿನಲ್ಲೋ ಅಕ್ಕಿಯಲ್ಲೋ ಬೆರಳಾಡಿಸುವುದು. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸುವ ಕ್ರಮವನ್ನು ಡಿಸ್ಲೆಕ್ಸಿಯಾದ ತಜ್ಞರು ಇಂದು ಇಂಗ್ಲಿಷಿನಲ್ಲಿ ಹೇಳಿಕೊಡುತ್ತಾರೆ. ಅರ್ಥವಿಲ್ಲದೆ ಇಡೀ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳಿಸಿದ್ದು ಹಳೆಯ ಕ್ರಮದ ದೋಷ. ದಿನಕ್ಕೆ ಒಂದು ಗುರುತು, ಅದೇ ಗುರುತಿನ ನಾಲ್ಕು ಪರಿಚಿತ ಪದ, ಇಷ್ಟಕ್ಕೆ ಇಳಿಸಿದರೆ ಅದು ಬಹಳ ಕೆಲಸ ಮಾಡುತ್ತದೆ.

ಉಕ್ತಲೇಖನದ ಬಗ್ಗೆ ನನಗೆ ಸಿಟ್ಟಿದೆ. ಇಪ್ಪತ್ತು ಪದಕ್ಕೆ ಹದಿನೆಂಟು ಕೆಂಪು ಗುರುತು ಹಾಕಿ, ತಪ್ಪಾದ ಪ್ರತಿ ಪದವನ್ನೂ ಹತ್ತು ಸಲ ಬರೆಸುವುದರಿಂದ ಕಲಿಯುವುದು ಬರಹದ ದ್ವೇಷವನ್ನು ಮಾತ್ರ. ತಪ್ಪು ಬರೆದದ್ದನ್ನೇ ಹತ್ತು ಸಲ ತಪ್ಪು ಬರೆಯುವ ಮಕ್ಕಳಿದ್ದಾರೆ. ಪ್ರಬಂಧ ತಿದ್ದುವಾಗ ವಿಷಯಕ್ಕೆ ಒಂದು ಅಂಕ, ಕಾಗುಣಿತಕ್ಕೆ ಬೇರೆ ಅಂಕ ಎಂದು ಬಿಡಿಸಿ ಕೊಡಿ. ಸಮಾಜ ವಿಜ್ಞಾನದ ಉತ್ತರವನ್ನು ಬಾಯಲ್ಲಿ ಹೇಳಿಸಿ. ಸರದಿಯಲ್ಲಿ ಎದ್ದು ನಿಂತು ಓದಿಸುವುದನ್ನು ಇಂಥ ಮಗುವಿಗೆ ಬಿಟ್ಟುಬಿಡಿ. ಅಥವಾ ಓದಬೇಕಾದ ಪ್ಯಾರಾ ಯಾವುದೆಂದು ಹಿಂದಿನ ದಿನವೇ ಗುಟ್ಟಾಗಿ ತಿಳಿಸಿ, ತಯಾರಾಗಿ ಬರಲಿ. ಹಾಳೆ ಅಚ್ಚು ಹಾಕಿಸುವಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರ ಬಿಡಿ. ಒಂದು ಸಾಲು ಮಾತ್ರ ಕಾಣುವಂತೆ ಕತ್ತರಿಸಿದ ರಟ್ಟಿನ ಚೂರು ಕೊಡಿ. ಇದಕ್ಕೆ ಯಾವ ಅನುದಾನವೂ ಬೇಡ.

ಆಟಿಸಂ ಇರುವ ಮಗುವಿಗೆ ಬೇಕಾದದ್ದು ಬೇರೆ ಬಗೆಯದು. ಇಂದು ಏನೇನು ನಡೆಯುತ್ತದೆ ಎಂಬುದನ್ನು ಬೆಳಿಗ್ಗೆಯೇ ಚಿತ್ರದಲ್ಲಿ ತೋರಿಸಿದರೆ, ಪಿಟಿ ಮಾಸ್ತರರ ದಿಢೀರ್ ಸೀಟಿಗೆ ಕಿವಿ ಮುಚ್ಚಿಕೊಂಡು ಓಡುವ ಮಗು ನಿಲ್ಲಬಹುದು. ಬಿಸಿಯೂಟದ ಹೊತ್ತಿನ ತಟ್ಟೆಗಳ ಸದ್ದು, ಬೇಯಿಸಿದ ಮೊಟ್ಟೆಯ ವಾಸನೆ ಆ ಮಗುವಿಗೆ ನಮಗಿಂತ ಎಷ್ಟೋ ಪಟ್ಟು ಜೋರು. ಸಾಲು ಕರಗಿದ ಮೇಲೆ, ವರಾಂಡದ ತುದಿಯಲ್ಲಿ ಊಟಕ್ಕೆ ಕೂರಿಸಿದರೆ ಶಿಸ್ತು ಕೆಡುವುದಿಲ್ಲ. ಎಡಿಎಚ್‌ಡಿ ಇರುವವನಿಗೆ ಹಾಜರಿ ಪುಸ್ತಕ ಆಫೀಸಿಗೆ ಕೊಂಡೊಯ್ಯುವ ಕೆಲಸ ಕೊಡಿ ಎಂದು ಒಬ್ಬ ಹಿರಿಯ ಶಿಕ್ಷಕಿ ತರಬೇತಿಯಲ್ಲಿ ಹೇಳಿದ್ದರು. ಎದ್ದು ಓಡಾಡುವುದು ಹೇಗೂ ತಪ್ಪದು, ಅದಕ್ಕೊಂದು ಗೌರವ ಇರಲಿ ಎಂಬುದು ಆಕೆಯ ಲೆಕ್ಕ.

ಇದಕ್ಕೆಲ್ಲ ಒಗ್ಗುವ ತರಗತಿ ನಮ್ಮಲ್ಲೇ ಹುಟ್ಟಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ ಕಲಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಹಬ್ಬಿತು. ಅ ಆ ಇ ಈ ಕ್ರಮ ಬಿಟ್ಟು ರ, ಗ, ಸ, ದ, ಅ ಎಂಬ ಐದರಿಂದ ಆರಂಭ. ಅಷ್ಟರಲ್ಲೇ ಅರಸ, ಸರ, ಗರಗಸ ಎಂದು ಮಗು ಪದ ಓದುತ್ತದೆ. ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ಇರುತ್ತದೆ. ಒಂದು ಮಗು ಮೂರು ವಾರ ಒಂದೇ ಮೆಟ್ಟಿಲಲ್ಲಿ ನಿಂತರೂ ಫೇಲಾಗುವುದಿಲ್ಲ, ಶಿಕ್ಷಕಿಗೆ ಮಾತ್ರ ಅದು ಗೊತ್ತಾಗುತ್ತದೆ. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಯಾವ ಆಸ್ಪತ್ರೆಯಲ್ಲಿದೆ? ಆದರೆ ಆ ದಾಖಲೆಯನ್ನು ಆ ಕಣ್ಣಿನಿಂದ ಓದುವುದನ್ನು ನಾವು ಕಲಿಸಲಿಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ತೆಗೆದುಬಿಡುತ್ತೇವೆ, ಅಕ್ಷರ ಕಲಿಕೆ ಇನ್ನೂ ಮುಗಿಯದ ಹೊತ್ತಿಗೆ.

ಒಬ್ಬರೇ ಶಿಕ್ಷಕಿ ನಲವತ್ತು ಮಕ್ಕಳ ನಡುವೆ ಇದನ್ನೆಲ್ಲ ಮಾಡಲಾರರು ಎಂಬುದೂ ನಿಜ. ವಿಶೇಷ ಶಿಕ್ಷಕರು ಬೇಕು. 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯದಲ್ಲಿ ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತು. ಮರುವರ್ಷ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ, ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ ಹದಿನೈದಕ್ಕೆ ಒಬ್ಬರು ಎಂಬ ಪ್ರಮಾಣ ಸೇರಿತು. ನಮ್ಮ ಬ್ಲಾಕ್‌ಗಳಲ್ಲಿ ಇರುವ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರು ಮನೆ ಆಧಾರಿತ ಶಿಕ್ಷಣದ ಮಕ್ಕಳ ಮನೆಗಳಿಗೆ ಹೋಗಬೇಕು, ಶಿಬಿರ ನಡೆಸಬೇಕು, ಇಡೀ ತಾಲ್ಲೂಕು ಸುತ್ತಬೇಕು. ಅವರನ್ನು ದೂರುವುದು ಸುಲಭ. ಹತ್ತಕ್ಕೆ ಒಬ್ಬರು ಎಂಬ ಲೆಕ್ಕ ನಿಮ್ಮ ಶಾಲೆಗೆ ಎಷ್ಟಾಗುತ್ತದೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ, ಠರಾವು ಬರೆಸಿ, ಬಿಇಒ ಕಚೇರಿಗೆ ಕಳಿಸಿ.

ಕೊನೆಯದಾಗಿ ಸಾಹಿತಿಗಳಿಗೆ ಒಂದು ಬೇಡಿಕೆ, ಏಕೆಂದರೆ ಇದು ಶಿಕ್ಷಕರಿಂದ ಆಗದ ಕೆಲಸ. ಹದಿನಾಲ್ಕು ವರ್ಷದ ಹುಡುಗ ಓದುವುದು ಎರಡನೇ ತರಗತಿಯ ಮಟ್ಟದಲ್ಲಿ. ಅವನ ಕೈಗೆ ನಾವು ಕೊಡುವುದು ಮೊಲ ಆಮೆಯ ಕಥೆ. ಅವನಿಗೆ ಮೀಸೆ ಚಿಗುರುತ್ತಿದೆ. ಅವಮಾನವಾಗಿ ಪುಸ್ತಕ ಮಡಚಿಡುತ್ತಾನೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಕನ್ನಡದಲ್ಲಿ ಹಂತ ಹಂತದ ಪುಸ್ತಕಗಳನ್ನು ತಂದಿದೆ, ಅದು ಚಿಕ್ಕವರಿಗೆ ಚೆನ್ನ. ದೊಡ್ಡ ಹುಡುಗರ ವಿಷಯವನ್ನು ಚಿಕ್ಕವರ ಅಕ್ಷರದಲ್ಲಿ ಹೇಳುವ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಕಬಡ್ಡಿ, ಬೈಕ್ ರಿಪೇರಿ, ಕೊಲೆಯ ಪತ್ತೇದಾರಿ, ಮೊದಲ ಪ್ರೀತಿ, ಊರು ಬಿಟ್ಟು ಹೋದ ಅಣ್ಣ, ಇವು ವಿಷಯ. ಅರವತ್ತು ಪುಟ ಮೀರಬಾರದು. ಸಾಲಿಗೆ ಆರು ಪದ ಸಾಕು. ಒತ್ತಕ್ಷರ ಬೇಡವೆಂದು ಹೇಳಲಾರೆ, ಅದಿಲ್ಲದೆ ಕನ್ನಡವೇ ನಡೆಯದು. ಅಪ್ಪ, ಅಮ್ಮ, ಬೆಕ್ಕು, ಹಳ್ಳಿಯಂಥ ಸಜಾತೀಯ ಒತ್ತುಗಳಲ್ಲೇ ಬಹುಪಾಲು ಕಥೆ ನಡೆಯಲಿ, ವಿಜಾತೀಯ ಒತ್ತು ಪುಟಕ್ಕೆ ಒಂದೆರಡು ಬರಲಿ, ಅರ್ಕಾವೊತ್ತಿನ ಪದ ಬಂದರೆ ಅದೇ ಪದ ಮತ್ತೆ ಮತ್ತೆ ಬರಲಿ. ಬರೆದು ನೋಡಿ, ಸುಲಭವಿಲ್ಲ. ಹಸ್ತಪ್ರತಿಯನ್ನು ಅಚ್ಚಿಗೆ ಕೊಡುವ ಮುಂಚೆ ಅಂಥ ಇಬ್ಬರು ಹುಡುಗರಿಗೆ ಓದಲು ಕೊಟ್ಟು, ಅವರು ಎಲ್ಲಿ ತಡವರಿಸಿದರೋ ಅಲ್ಲಿ ಪೆನ್ಸಿಲಿನ ಗೆರೆ ಹಾಕಿಕೊಂಡು ಬನ್ನಿ. ಈ ದತ್ತಿಯ ಬಡ್ಡಿ ಹಣದಲ್ಲಿ ಮುಂದಿನ ವರ್ಷ ಉಪನ್ಯಾಸದ ಜೊತೆಗೆ ಅಂಥ ಒಂದು ಪುಸ್ತಕ ಅಚ್ಚಾಗುವುದಾದರೆ, ನನಗೆ ಇಂದು ಕೊಡಲಿರುವ ಸಂಭಾವನೆಯನ್ನೂ ಅದಕ್ಕೇ ಸೇರಿಸಿಕೊಳ್ಳಿ ಎಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಳ್ಳುತ್ತೇನೆ.